ಒಂದು ರೂಪಾಯಿ ನಾಣ್ಯದಷ್ಟು ಉಸಿರು

2019ರ ನಂತರ ಟಂಕಸಾಲೆಯಿಂದ ಹೊರಬಂದ ಒಂದು ರೂಪಾಯಿ ನಾಣ್ಯವನ್ನು ಅಂಗೈಯಲ್ಲಿಟ್ಟು ನೋಡಿ. ಅದರ ಅಡ್ಡಳತೆ 20 ಮಿಲಿಮೀಟರ್. ಅಷ್ಟೇ ಅಗಲದ ಒಂದು ದುಂಡು ಕಿಂಡಿ ಜಗತ್ತಿನ ನೂರಾರು ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರನ್ನು ದಶಕಗಳಿಂದ ಕಾಡುತ್ತ ಬಂದಿದೆ. ವಿದ್ಯಾರ್ಥಿಗಳೇ ಕಟ್ಟಿ ವಿದ್ಯಾರ್ಥಿಗಳೇ ಓಡಿಸುವ ‘ಫಾರ್ಮುಲಾ ಎಸ್‌ಎಇ’ ಎಂಬ ಪುಟ್ಟ ರೇಸು ಕಾರಿಗೆ ಎಂಥ ಪೆಟ್ರೋಲ್ ಎಂಜಿನ್ ಕೂರಿಸಿದರೂ ಸರಿ, ಅದು ಉಸಿರಾಡುವ ಗಾಳಿಯೆಲ್ಲ ಈ ಒಂದು ಕಿಂಡಿಯನ್ನು ಹಾದೇ ಒಳಗೆ ಹೋಗಬೇಕು. ಇದು ಪಂದ್ಯದ ನಿಯಮ.

ಆ ಎಂಜಿನ್ ಸಾಮಾನ್ಯವಾಗಿ ಯಾವುದೋ ಮೋಟರ್‌ಬೈಕಿನಿಂದ ಬಿಚ್ಚಿ ತಂದದ್ದು. ಬೈಕಿನ ಜೊತೆಗೆ ಕಂಪನಿ ಕೈಪಿಡಿಯನ್ನೇನೋ ಕೊಡುತ್ತದೆ. ಆದರೆ ಎಂಜಿನ್ನಿನ ಒಳಗಿನ ದಾರಿಗಳ ಆಕಾರ, ವಾಲ್ವುಗಳು ಎಷ್ಟು ಹೊತ್ತು ಎಷ್ಟು ಎತ್ತರಕ್ಕೆ ತೆರೆಯುತ್ತವೆ ಎಂಬ ವಿವರ, ಮೂಲ ನಕ್ಷೆಗಳು ಇವೆಲ್ಲ ಕಂಪನಿಯ ಗುಟ್ಟು. ಹೀಗಾಗಿ ವಿದ್ಯಾರ್ಥಿಗಳು ಎಂಜಿನ್ನನ್ನು ಬಿಚ್ಚಿ ಒಂದೊಂದೇ ಭಾಗವನ್ನು ಅಳೆಯುತ್ತಾರೆ. ಆ ಅಳತೆಗಳಿಂದ ಕಂಪ್ಯೂಟರಿನಲ್ಲಿ ಮತ್ತೊಂದು ಎಂಜಿನ್ ಕಟ್ಟುತ್ತಾರೆ. ಲೋಹದ ಎಂಜಿನ್ ಮೇಲೆ ಮಾಡಲು ದುಡ್ಡೂ ಸಮಯವೂ ಇಲ್ಲದ ಪ್ರಯೋಗಗಳನ್ನು ಈ ಲೆಕ್ಕದ ಎಂಜಿನ್ ಮೇಲೆ ಮಾಡಿ ನೋಡುತ್ತಾರೆ. ಇಂದು ಹೊಸತೆಂದು ಕಾಣುವ ಈ ಕೆಲಸಕ್ಕೆ ಇನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ.

ವಾಟ್ ಬಚ್ಚಿಟ್ಟ ಪೆನ್ಸಿಲ್

ಓಡುತ್ತಿರುವ ಎಂಜಿನ್ನಿನ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಹೊರಗೆ ನಿಂತು ತಿಳಿಯುವುದು ಹೇಗೆ? ಈ ಪ್ರಶ್ನೆ ಮೊದಲು ಎದುರಾದದ್ದು ಉಗಿಯಂತ್ರದ ಕಾಲದಲ್ಲಿ. ಜೇಮ್ಸ್ ವಾಟ್ ಸಿಲಿಂಡರಿಗೆ ಒಂದು ಸಣ್ಣ ಒತ್ತಡಮಾಪಕವನ್ನು ಜೋಡಿಸಿದ್ದ. ಅವನ ಸಹಾಯಕ ಜಾನ್ ಸದರ್ನ್ 1796ರಲ್ಲಿ ಅದಕ್ಕೆ ಒಂದು ಪೆನ್ಸಿಲನ್ನೂ ಪಿಸ್ಟನ್ನಿನ ಜೊತೆಗೇ ಹಿಂದೆ ಮುಂದೆ ಸರಿಯುವ ಒಂದು ಹಲಗೆಯನ್ನೂ ಸೇರಿಸಿದ. ಒತ್ತಡ ಏರಿಳಿದಂತೆ ಪೆನ್ಸಿಲ್ ಮೇಲೆ ಕೆಳಗೆ ಆಡಿತು, ಹಲಗೆ ಅಡ್ಡಕ್ಕೆ ಸರಿಯಿತು. ಕಾಗದದ ಮೇಲೆ ಒಂದು ಮುಚ್ಚಿದ ಕುಣಿಕೆ ಮೂಡಿತು. ಆ ಕುಣಿಕೆಯೊಳಗಿನ ವಿಸ್ತೀರ್ಣವೇ ಒಂದು ಸುತ್ತಿನಲ್ಲಿ ಉಗಿ ಮಾಡಿದ ಕೆಲಸ. ವಾಲ್ವ್ ತಡವಾಗಿ ತೆರೆದರೆ, ಉಗಿ ಎಲ್ಲೋ ಸೋರಿದರೆ, ಕುಣಿಕೆಯ ಮೂಲೆ ಸೊಟ್ಟಗಾಗಿ ರೋಗವನ್ನು ತೋರಿಸಿಕೊಡುತ್ತಿತ್ತು.

ಇಷ್ಟು ಬೆಲೆಬಾಳುವ ಉಪಕರಣವನ್ನು ವಾಟ್‌ನ ಕಂಪನಿ ವರ್ಷಗಟ್ಟಲೆ ಗುಟ್ಟಾಗಿಟ್ಟಿತು. ಹೊರಜಗತ್ತಿಗೆ ಅದರ ವಿವರ ಅಚ್ಚಿನಲ್ಲಿ ಸಿಕ್ಕಿದ್ದು 1822ರಲ್ಲಿ. ಅಷ್ಟರಲ್ಲಿ, 1821ರಲ್ಲಿ, ಫ್ರಾನ್ಸಿನ ಗ್ಯಾಸ್ಪಾರ್ ದ ಪ್ರೋನಿ ತಿರುಗುವ ಅಚ್ಚಿಗೆ ಮರದ ಹಿಡಿಕಟ್ಟೆಗಳನ್ನು ಬಿಗಿದು, ಅದು ತಿರುಗಿಸುವ ಬಲವನ್ನು ತೂಕದ ಬಟ್ಟುಗಳಿಂದ ಅಳೆಯುವ ಬ್ರೇಕನ್ನು ಕಂಡುಹಿಡಿದಿದ್ದ. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಹಡಗಿನ ಎಂಜಿನ್ನುಗಳಿಗಾಗಿ ನೀರಿನ ತಡೆಯಿಂದ ಕೆಲಸ ಮಾಡುವ ಡೈನಮೋಮೀಟರ್ ಮಾಡಿದ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಎಂಜಿನ್ನನ್ನು ಒಳಗಿನಿಂದ ಅಳೆಯುವ ದಾರಿಯೂ ಹೊರಗಿನಿಂದ ಅಳೆಯುವ ದಾರಿಯೂ ಸಿದ್ಧವಾಗಿದ್ದವು.

ಬೈಕಿನ ಎಂಜಿನ್, ಕಾರಿನ ಮೈ

ಬೈಕಿನ ಎಂಜಿನ್ನಿಗೂ ಕಾರಿಗೂ ನೆಂಟಸ್ತಿಕೆ ಹಳೆಯದು. 1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ ತಮ್ಮ ವೇಗದ ಪೆಟ್ರೋಲ್ ಎಂಜಿನ್ನನ್ನು ಮರದ ಚೌಕಟ್ಟಿನ ಒಂದು ಎರಡು ಚಕ್ರದ ಗಾಡಿಗೆ ಕೂರಿಸಿ ಓಡಿಸಿದರು. ಅವರು ನಾಲ್ಕು ಚಕ್ರದ ಗಾಡಿಗೆ ಕೈಹಾಕಿದ್ದು ಅದರ ಮರುವರ್ಷ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ರೇಸಿನ ಹುಚ್ಚಿತ್ತು, ಕೈಯಲ್ಲಿ ಕಾಸಿರಲಿಲ್ಲ. ಚಾರ್ಲ್ಸ್ ಕೂಪರ್ ಮತ್ತು ಅವನ ಮಗ ಜಾನ್ 1946ರಲ್ಲಿ ಎರಡು ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಸೇರಿಸಿ, 500 ಸಿ.ಸಿ.ಯ ‘ಜೆಎಪಿ’ ಬೈಕ್ ಎಂಜಿನ್ ಹಾಕಿ, ಒಂದು ಪುಟ್ಟ ರೇಸು ಕಾರು ಮಾಡಿದರು. ಬೈಕಿನ ಚೈನು ಹಿಂದಿನ ಚಕ್ರವನ್ನು ತಿರುಗಿಸಬೇಕಾದ್ದರಿಂದ ಎಂಜಿನ್ ಚಾಲಕನ ಬೆನ್ನ ಹಿಂದೆ ಬಂತು. ಇದು ಅನುಕೂಲಕ್ಕೆ ಮಾಡಿಕೊಂಡ ಏರ್ಪಾಟು. ಆದರೆ ಭಾರ ಹಿಂದಕ್ಕೆ ಸರಿದ ಕಾರು ತಿರುವುಗಳಲ್ಲಿ ಚುರುಕಾಗಿತ್ತು. ಸ್ಟರ್ಲಿಂಗ್ ಮಾಸ್ ಕಾರು ರೇಸಿಗೆ ಕಾಲಿಟ್ಟದ್ದು 1948ರಲ್ಲಿ ಇಂಥದೇ ಕೂಪರಿನಲ್ಲಿ. ಅದೇ ಪಾಠವನ್ನು ದೊಡ್ಡ ಕಾರಿಗೆ ಅಳವಡಿಸಿದ ಕೂಪರ್ ಕಾರಿನಲ್ಲಿ ಜ್ಯಾಕ್ ಬ್ರಾಬಮ್ 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ. ಇಂದು ಫಾರ್ಮುಲಾ ಒನ್ ಕಾರುಗಳ ಎಂಜಿನ್ ಚಾಲಕನ ಹಿಂದೆ ಇರುವುದರ ಬೇರು ಈ ಬೈಕಿನ ಚೈನಿನಲ್ಲಿದೆ.

ವಿದ್ಯಾರ್ಥಿಗಳ ಪಂದ್ಯ

ಅಮೆರಿಕದ ‘ಸೊಸೈಟಿ ಆಫ್ ಆಟೊಮೋಟಿವ್ ಎಂಜಿನಿಯರ್ಸ್’ 1905ರಲ್ಲಿ ಹುಟ್ಟಿದ ಸಂಸ್ಥೆ. ಎಸ್‌ಎಇ ಎಂಬುದು ಅದರ ಚಿಕ್ಕ ಹೆಸರು. ಅದರ ಆಶ್ರಯದಲ್ಲಿ 1979ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕರ್ಟ್ ಮಾರ್ಷೆಕ್ ‘ಮಿನಿ ಇಂಡಿ’ ಎಂಬ ಪಂದ್ಯ ನಡೆಸಿದರು. ಎಲ್ಲ ತಂಡಗಳಿಗೂ ಒಂದೇ ಬಗೆಯ 5 ಅಶ್ವಶಕ್ತಿಯ ಎಂಜಿನ್. ಹೆಸರು ಕೊಟ್ಟ 13 ಕಾಲೇಜುಗಳಲ್ಲಿ 11 ಕಣಕ್ಕಿಳಿದವು. ಎಲ್ ಪಾಸೊದಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ಗೆದ್ದಿತು.

ಮರುವರ್ಷ ಪಂದ್ಯ ನಡೆಸಲು ಯಾರೂ ಮುಂದೆ ಬರಲಿಲ್ಲ. ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ತಮ್ಮ ಪ್ರಾಧ್ಯಾಪಕ ರಾನ್ ಮ್ಯಾಥ್ಯೂಸ್ ಅವರೊಂದಿಗೆ ಹೊಸ ನಿಯಮಗಳನ್ನು ಬರೆದರು. ಎಂಜಿನ್ ಯಾವುದಾದರೂ ಆಗಬಹುದು, ನಾಲ್ಕು ಸ್ಟ್ರೋಕಿನದಾಗಿರಬೇಕು. ಆದರೆ ಗಾಳಿ ಮಾತ್ರ ಒಂದು ಇಂಚಿನ, ಅಂದರೆ 25.4 ಮಿ.ಮೀ. ಅಗಲದ ಕಿಂಡಿಯ ಮೂಲಕವೇ ಬರಬೇಕು. 1981ರಲ್ಲಿ ‘ಫಾರ್ಮುಲಾ ಎಸ್‌ಎಇ’ ಹೀಗೆ ಹುಟ್ಟಿತು. ಮುಂದೆ ಕಿಂಡಿ 20 ಮಿ.ಮೀ.ಗೆ ಇಳಿಯಿತು. ಎಂಜಿನ್ನಿನ ಗಾತ್ರಕ್ಕೆ 610 ಸಿ.ಸಿ.ಯ ಮಿತಿ ಬಂತು. ಬಹುಕಾಲ ಉಳಿದ ಈ ಮಿತಿ ಕೊನೆಗೆ 710 ಸಿ.ಸಿ.ಗೆ ಏರಿತು. ಪಂದ್ಯ 1998ರಲ್ಲಿ ಬ್ರಿಟನ್ನಿಗೆ, 2000ದಲ್ಲಿ ಆಸ್ಟ್ರೇಲಿಯಾಕ್ಕೆ, 2006ರಲ್ಲಿ ಜರ್ಮನಿಗೆ ಹಬ್ಬಿತು.

ಈ ಮಿತಿಯೊಳಗೆ ಬೈಕಿನ ಎಂಜಿನ್ನೇ ಎಲ್ಲರ ಮೊದಲ ಆಯ್ಕೆಯಾದದ್ದು ಸಹಜ. ಅದು ಹಗುರ. ಕ್ಲಚ್ಚು, ಗೇರ್ ಪೆಟ್ಟಿಗೆ ಎರಡೂ ಅದೇ ಕವಚದೊಳಗಿರುತ್ತವೆ. 2001ರಲ್ಲಿ ಬಂದ ಹೊಂಡಾ ಸಿಬಿಆರ್ 600 ಎಫ್4ಐ ಬೈಕಿನ ನಾಲ್ಕು ಸಿಲಿಂಡರಿನ ಎಂಜಿನ್ ಹಲವು ದೇಶಗಳ ತಂಡಗಳಿಗೆ ಅಚ್ಚುಮೆಚ್ಚಾಯಿತು. ಭಾರತದ ತಂಡಗಳು ಹೆಚ್ಚಾಗಿ ಹಿಡಿದದ್ದು 2013ರಲ್ಲಿ ಇಲ್ಲಿ ಬಿಡುಗಡೆಯಾದ ಕೆಟಿಎಂ 390 ಡ್ಯೂಕ್ ಬೈಕಿನ ಒಂಟಿ ಸಿಲಿಂಡರಿನ ಎಂಜಿನ್ನನ್ನು.

ಕಿಂಡಿಯ ಲೆಕ್ಕ

ಗಾಳಿಯನ್ನು ಎಷ್ಟು ಜೋರಾಗಿ ಎಳೆದರೆ ಅಷ್ಟು ಹೆಚ್ಚು ಬರಬೇಕಲ್ಲವೇ ಎಂದು ಯಾರಿಗಾದರೂ ತೋರುತ್ತದೆ. ಒಂದು ಹಂತದವರೆಗೆ ಅದು ನಿಜ. ಆದರೆ ಕಿಂಡಿಯಲ್ಲಿ ಗಾಳಿಯ ವೇಗ ಶಬ್ದದ ವೇಗವನ್ನು ಮುಟ್ಟಿದ ಮೇಲೆ ಹರಿವು ಅಲ್ಲಿಗೇ ನಿಲ್ಲುತ್ತದೆ. ಆಚೆ ಬದಿಯಲ್ಲಿ ಎಷ್ಟೇ ಹೀರಿದರೂ ಈಚೆಗೆ ಅದರ ಸುದ್ದಿಯೇ ತಲುಪುವುದಿಲ್ಲ. ಏಕೆಂದರೆ ಒತ್ತಡದ ಸುದ್ದಿ ಗಾಳಿಯಲ್ಲಿ ಸಾಗುವುದೇ ಶಬ್ದದ ವೇಗದಲ್ಲಿ. ಫ್ರಾನ್ಸಿನ ಸೇಂಟ್-ವೆನಾಂಟ್ ಮತ್ತು ವಾಂಟ್ಜೆಲ್ 1839ರಲ್ಲೇ ಕಿಂಡಿಯಲ್ಲಿ ಹರಿಯುವ ಗಾಳಿಯ ಈ ಲೆಕ್ಕಕ್ಕೆ ಕೈಹಾಕಿದ್ದರು.

20 ಮಿ.ಮೀ. ಕಿಂಡಿಗೆ ಸಮುದ್ರಮಟ್ಟದಲ್ಲಿ, 27 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ, ಈ ಮಿತಿ ಸೆಕೆಂಡಿಗೆ ಸುಮಾರು 74 ಗ್ರಾಂ ಗಾಳಿ. 600 ಸಿ.ಸಿ.ಯ ಎಂಜಿನ್ ನಿಮಿಷಕ್ಕೆ 12 ಸಾವಿರ ಸುತ್ತು ತಿರುಗುತ್ತ ಪ್ರತಿ ಬಾರಿಯೂ ಹೊಟ್ಟೆ ತುಂಬ ಗಾಳಿ ತೆಗೆದುಕೊಂಡರೆ ಸೆಕೆಂಡಿಗೆ 71 ಗ್ರಾಂ ಬೇಕು. ಅಲ್ಲಿಗೆ ಮಿತಿ ಹತ್ತಿರವಾಯಿತು. ಬೈಕಿನಲ್ಲಿದ್ದಾಗ ಸುಮಾರು 110 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಈ ಕಿಂಡಿ ತೊಟ್ಟ ಮೇಲೆ 80ರ ಆಸುಪಾಸಿಗೆ ಇಳಿಯುತ್ತದೆ.

373 ಸಿ.ಸಿ.ಯ ಒಂಟಿ ಸಿಲಿಂಡರಿನ ಕಥೆ ಇನ್ನೂ ಸ್ವಾರಸ್ಯದ್ದು. ನಿಮಿಷಕ್ಕೆ 9 ಸಾವಿರ ಸುತ್ತಿನಲ್ಲಿ ಅದಕ್ಕೆ ಬೇಕಾದ್ದು ಸರಾಸರಿ 33 ಗ್ರಾಂ ಮಾತ್ರ. ಕಿಂಡಿ ಧಾರಾಳವಾಯಿತು ಎನ್ನಿಸುತ್ತದೆ. ಆದರೆ ಒಂಟಿ ಸಿಲಿಂಡರು ಎರಡು ಸುತ್ತಿಗೊಮ್ಮೆ, ಅದೂ ಹೆಚ್ಚುಕಡಿಮೆ ಮೂರನೇ ಒಂದು ಪಾಲಿನ ಹೊತ್ತು ಮಾತ್ರ, ಗಾಳಿ ಎಳೆಯುತ್ತದೆ. ಎಳೆಯುವ ಆ ಕ್ಷಣಗಳಲ್ಲಿ ಅದರ ಬೇಡಿಕೆ ಸೆಕೆಂಡಿಗೆ 100 ಗ್ರಾಂ ಲೆಕ್ಕಕ್ಕೆ ಏರುತ್ತದೆ. ಕಿಂಡಿ ಕೊಡುವುದು 74 ಮಾತ್ರ. ಪರಿಹಾರ ನಮ್ಮ ಮನೆಗಳಲ್ಲೇ ಇದೆ. ಸಣ್ಣಗೆ ಬರುವ ನಲ್ಲಿ ನೀರನ್ನು ಸಂಪಿನಲ್ಲಿ ತುಂಬಿಸಿಕೊಂಡು ಬೇಕಾದಾಗ ಒಮ್ಮೆಗೇ ಎತ್ತಿಕೊಳ್ಳುವಂತೆ, ಕಿಂಡಿಗೂ ಎಂಜಿನ್ನಿಗೂ ನಡುವೆ ಒಂದು ಗಾಳಿಯ ತೊಟ್ಟಿ ಇಡುತ್ತಾರೆ. ತೊಟ್ಟಿ ಚಿಕ್ಕದಾದರೆ ಎಂಜಿನ್ ಏದುಸಿರು ಬಿಡುತ್ತದೆ. ತೀರ ದೊಡ್ಡದಾದರೆ ಚಾಲಕ ಆಕ್ಸಿಲರೇಟರ್ ತುಳಿದ ಮೇಲೆ ತಡವಾಗಿ ಎಚ್ಚೆತ್ತುಕೊಳ್ಳುತ್ತದೆ. ಎಷ್ಟು ಲೀಟರಿನ ತೊಟ್ಟಿ ಸರಿ ಎಂಬುದನ್ನು ತಿಳಿಯಲು ಲೆಕ್ಕದ ಎಂಜಿನ್ ಬೇಕು. ಅದಕ್ಕೆ ಅಳತೆಗಳು ಬೇಕು.

ಹನಿ ಹನಿ ಅಳತೆ

ಮೊದಲು ಸುಲಭದ್ದು. ಎಫ್4ಐ ಎಂಜಿನ್ನಿನ ಸಿಲಿಂಡರಿನ ಒಳ ಅಗಲ 67 ಮಿ.ಮೀ., ಪಿಸ್ಟನ್ನಿನ ಓಡಾಟ 42.5 ಮಿ.ಮೀ. ನಾಲ್ಕು ಸಿಲಿಂಡರಿನ ಲೆಕ್ಕ ಕೂಡಿಸಿದರೆ 599 ಸಿ.ಸಿ. ಇದು ಕೈಪಿಡಿಯಲ್ಲೇ ಇರುತ್ತದೆ. ಆದರೂ ಬೋರ್ ಗೇಜ್ ಇಳಿಸಿ ನೋಡಲೇಬೇಕು. ಸಾವಿರಾರು ಕಿಲೋಮೀಟರ್ ಓಡಿದ ಸೆಕೆಂಡ್‌ಹ್ಯಾಂಡ್ ಎಂಜಿನ್ ಸವೆದಿರಬಹುದು.

ಕಷ್ಟದ್ದು ಪಿಸ್ಟನ್ ಮೇಲಕ್ಕೆ ಬಂದು ನಿಂತಾಗ ಅದರ ತಲೆಯ ಮೇಲೆ ಉಳಿಯುವ ಜಾಗದ ಅಳತೆ. ವಾಲ್ವುಗಳ ಗುಳಿ, ಸ್ಪಾರ್ಕ್ ಪ್ಲಗ್ಗಿನ ತುದಿ, ಪಿಸ್ಟನ್ ಮೇಲಿನ ತಗ್ಗು ಎಲ್ಲ ಸೇರಿ ಆ ಜಾಗ ಅಂಕುಡೊಂಕು. ಅದಕ್ಕೆ ಸ್ಕೇಲು ಹಿಡಿಯಲಾಗದು. ಸಿಲಿಂಡರ್ ತಲೆಯನ್ನು ಬೋರಲು ಮಲಗಿಸಿ, ರಂಧ್ರವಿರುವ ಗಾಜನ್ನು ಗ್ರೀಸು ಹಚ್ಚಿ ಮುಚ್ಚಿ, ರಸಾಯನಶಾಸ್ತ್ರದ ಪ್ರಯೋಗಾಲಯದ ಬ್ಯೂರೆಟ್ಟಿನಿಂದ ಹನಿ ಹನಿಯಾಗಿ ದ್ರವ ಬಿಡುತ್ತಾರೆ. ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ತುಂಬಿದಾಗ ಎಷ್ಟು ಹಿಡಿಯಿತೆಂದು ಓದಿಕೊಂಡು, ಪಿಸ್ಟನ್ನಿನ ಮತ್ತು ಗ್ಯಾಸ್ಕೆಟ್ಟಿನ ಪಾಲನ್ನು ಕೂಡಿಸಿ ಕಳೆದು ಲೆಕ್ಕ ಮುಗಿಸುತ್ತಾರೆ. ಈ ಎಂಜಿನ್ನಿನ ಸಂಪೀಡನ ಅನುಪಾತ 12ಕ್ಕೆ 1. ಅಂದರೆ ಪ್ರತಿ ಸಿಲಿಂಡರಿನಲ್ಲಿ ಉಳಿಯುವ ಜಾಗ 13.6 ಸಿ.ಸಿ. ಮಾತ್ರ, ಮೂರು ಟೀ ಚಮಚಕ್ಕೂ ಕಡಿಮೆ. ಅಳೆಯುವಾಗ ಒಂದೇ ಸಿ.ಸಿ. ಹೆಚ್ಚಾಗಿ ಓದಿದರೆ ಅನುಪಾತ 11.3ಕ್ಕೆ ಇಳಿದಂತೆ ತೋರುತ್ತದೆ. ಅಲ್ಲಿಂದ ಮುಂದಿನ ಲೆಕ್ಕವೆಲ್ಲ ತಪ್ಪು ದಾರಿ ಹಿಡಿಯುತ್ತದೆ.

ಬಳಿಕ ವಾಲ್ವುಗಳ ಸರದಿ. ಕ್ರ್ಯಾಂಕಿಗೆ 360 ಡಿಗ್ರಿಗಳ ಗುರುತಿರುವ ತಟ್ಟೆ ಕಟ್ಟಿ, ವಾಲ್ವಿನ ನೆತ್ತಿಗೆ ಡಯಲ್ ಗೇಜ್ ತಾಗಿಸಿ, ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಪ್ರತಿ ಹೆಜ್ಜೆಗೂ ವಾಲ್ವ್ ಎಷ್ಟು ಕೆಳಗಿಳಿಯಿತೆಂದು ಬರೆದುಕೊಳ್ಳಬೇಕು. ಎರಡು ಪೂರ್ತಿ ಸುತ್ತು, 720 ಡಿಗ್ರಿ. ಗಾಳಿ ಬರುವ ದಾರಿಯ ಒಳ ಆಕಾರಕ್ಕಾಗಿ ಅದರೊಳಗೆ ಸಿಲಿಕೋನ್ ರಬ್ಬರ್ ಸುರಿದು, ಹೆಪ್ಪುಗಟ್ಟಿದ ಮೇಲೆ ಹೊರಗೆಳೆದು ಅಳೆಯುತ್ತಾರೆ. ಆ ದಾರಿಯಲ್ಲಿ ಗಾಳಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಗೊತ್ತಾದ ಒತ್ತಡದಲ್ಲಿ ಊದಿ ನೋಡುವ ಬೇರೊಂದು ಯಂತ್ರದಲ್ಲಿ ಪರೀಕ್ಷಿಸುತ್ತಾರೆ.

ಎಂಜಿನ್ ಕಾರಿನೊಳಗೆ ಕೂರುವ ಲೆಕ್ಕ ಬೇರೆಯದೇ. ಬೋಲ್ಟ್ ಹಾಕುವ ರಂಧ್ರಗಳ ಸ್ಥಾನ, ಚೈನಿನ ಹಲ್ಲುಚಕ್ರದ ಸ್ಥಾನ, ಎರಡು ಬೇರೆ ಬೇರೆ ಜಾಗಗಳಿಂದ ಎಂಜಿನ್ನನ್ನು ತೂಗುಹಾಕಿ ಕಂಡುಕೊಳ್ಳುವ ಗುರುತ್ವಕೇಂದ್ರ ಎಲ್ಲವೂ ಬೇಕು. ಇಲ್ಲೊಂದು ಹೊಂಚು ಹಾಕಿದ ಅಪಾಯವೂ ಇದೆ. ಬೈಕು ತಿರುವಿನಲ್ಲಿ ವಾಲುತ್ತದೆ. ಹೀಗಾಗಿ ಎಂಜಿನ್ನಿನ ತಳದ ಆಯಿಲ್ ತಳದಲ್ಲೇ ಉಳಿಯುತ್ತದೆ. ಕಾರು ವಾಲುವುದಿಲ್ಲ. ಬಿಗಿ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಏರಿ ನಿಲ್ಲುತ್ತದೆ, ಪಂಪು ಆಯಿಲ್ ಬದಲು ಗಾಳಿ ಹೀರುತ್ತದೆ, ಬೇರಿಂಗುಗಳು ಒಣಗಿ ಕಚ್ಚಿಕೊಳ್ಳುತ್ತವೆ. ವರ್ಷವಿಡೀ ದುಡಿದ ಕಾರು ಕ್ಷಣದಲ್ಲಿ ಹೊಗೆ ಕಾರಿ ನಿಲ್ಲುತ್ತದೆ. ಆದ್ದರಿಂದ ತಳದ ಬಟ್ಟಲನ್ನೂ ಅಳೆದು, ಅಡ್ಡತಡೆಗಳಿರುವ ಬೇರೆ ಬಟ್ಟಲು ಮಾಡಬೇಕಾಗುತ್ತದೆ.

ಕೊಳಲಿನ ಪಾಠ

ಎಂಜಿನ್ನಿಗೆ ಗಾಳಿ ಕೊಡುವ ಕೊಳವೆ ಒಂದು ಬಗೆಯಲ್ಲಿ ಕೊಳಲೇ. ವಾಲ್ವ್ ತೆರೆದು ಪಿಸ್ಟನ್ ಕೆಳಗಿಳಿದಾಗ ಹೀರಿಕೆಯ ಒಂದು ಅಲೆ ಕೊಳವೆಯಲ್ಲಿ ಹಿಂದಕ್ಕೆ ಓಡುತ್ತದೆ. ತೊಟ್ಟಿಯ ಬಾಯಿ ಮುಟ್ಟಿದೊಡನೆ ಅದು ಒತ್ತಡದ ಅಲೆಯಾಗಿ ಮರಳುತ್ತದೆ. ವಾಲ್ವ್ ಮುಚ್ಚುವ ಮುನ್ನ ಮರಳಿದರೆ ಇನ್ನಷ್ಟು ಗಾಳಿಯನ್ನು ಒಳಗೆ ತಳ್ಳುತ್ತದೆ. ಕೊಳವೆ 30 ಸೆಂಟಿಮೀಟರ್ ಇದ್ದರೆ ಅಲೆ ಹೋಗಿ ಬರಲು ಒಂದೂ ಮುಕ್ಕಾಲು ಮಿಲಿಸೆಕೆಂಡು ಸಾಕು. ನಿಮಿಷಕ್ಕೆ 9 ಸಾವಿರ ಸುತ್ತಿನಲ್ಲಿ ಅಷ್ಟರೊಳಗೆ ಕ್ರ್ಯಾಂಕು 94 ಡಿಗ್ರಿ ತಿರುಗಿರುತ್ತದೆ. ಕೊಳವೆಯ ಉದ್ದ ಬದಲಾದರೆ ಯಾವ ವೇಗದಲ್ಲಿ ಈ ಉಪಕಾರ ಸಿಗುತ್ತದೆ ಎಂಬುದೂ ಬದಲಾಗುತ್ತದೆ.

ಅಲೆಗಳನ್ನು ಪಳಗಿಸಿದವರಲ್ಲಿ ದೊಡ್ಡ ಹೆಸರು ಪೂರ್ವ ಜರ್ಮನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ ಅವರದು. ಎಂಜೆಡ್ ಕಂಪನಿಯ ಎರಡು ಸ್ಟ್ರೋಕಿನ ರೇಸು ಬೈಕುಗಳ ಹೊಗೆಕೊಳವೆಯನ್ನು ತಿದ್ದಿ ತೀಡಿ, 1961ರ ಹೊತ್ತಿಗೆ 125 ಸಿ.ಸಿ.ಯಿಂದ 25 ಅಶ್ವಶಕ್ತಿ ತೆಗೆದರು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನ ವೇಳೆ ತಪ್ಪಿಸಿಕೊಂಡು ಪಶ್ಚಿಮಕ್ಕೆ ಬಂದ. ಆ ವಿದ್ಯೆ ಅವನೊಂದಿಗೆ ಜಪಾನಿನ ಸುಜುಕಿ ಕಂಪನಿಗೆ ಹೋಯಿತು. 1962ರಲ್ಲಿ ಸುಜುಕಿ ಏರಿ ಡೆಗ್ನರ್ 50 ಸಿ.ಸಿ. ವಿಭಾಗದ ವಿಶ್ವ ಚಾಂಪಿಯನ್ ಆದ. ಎರಡು ಸ್ಟ್ರೋಕಿನ ಎಂಜಿನ್ನಿನ ಉಸಿರಾಟ ಹೊಗೆಕೊಳವೆಯನ್ನು ಎಷ್ಟು ನೆಚ್ಚಿರುತ್ತದೆ ಎಂಬುದನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳನ್ನು ರಿಪೇರಿ ಮಾಡಿದ ಮೆಕ್ಯಾನಿಕ್ಕುಗಳೂ ಬಲ್ಲರು. ಸೈಲೆನ್ಸರ್ ಒಳಗಿನ ತಡೆ ಬದಲಾದರೆ ಎಳೆತ ಬದಲಾಗುತ್ತದೆ.

ಕೈಯಲ್ಲಿದ್ದ ಈ ವಿದ್ಯೆಯನ್ನು ಲೆಕ್ಕಕ್ಕೆ ಇಳಿಸಿದವರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಗಾರ್ಡನ್ ಬ್ಲೇರ್ ಪ್ರಮುಖರು. ಕೊಳವೆಗಳಲ್ಲಿ ಅಲೆಗಳು ಓಡುವ ಸಮೀಕರಣಗಳನ್ನು ಕಂಪ್ಯೂಟರಿನಿಂದ ಬಿಡಿಸಿ, ಎಂಜಿನ್ ಕಟ್ಟುವ ಮೊದಲೇ ಅದರ ಶಕ್ತಿಯನ್ನು ಅಂದಾಜು ಮಾಡುವ ಕ್ರಮವನ್ನು ಅವರು ಬೆಳೆಸಿದರು. ಬರೀ ಲೆಕ್ಕದಲ್ಲಿ ನಿಲ್ಲದೆ ವಿಶ್ವವಿದ್ಯಾಲಯದಲ್ಲೇ ರೇಸು ಬೈಕಿನ ಎಂಜಿನ್ ಕಟ್ಟಿ ಓಡಿಸಿ ನೋಡಿದರು. ನಾಲ್ಕು ಸ್ಟ್ರೋಕಿನ ಎಂಜಿನ್ನುಗಳ ವಿನ್ಯಾಸ ಕುರಿತ ಅವರ ಗ್ರಂಥವನ್ನು 1999ರಲ್ಲಿ ಪ್ರಕಟಿಸಿದ್ದು ಎಸ್‌ಎಇ ಸಂಸ್ಥೆಯೇ. ಇಂದು ವಿದ್ಯಾರ್ಥಿಗಳು ಬಳಸುವ ತಂತ್ರಾಂಶಗಳ ಹಿಂದೆ ಇಂಥವರ ದುಡಿಮೆಯಿದೆ.

ಒಪ್ಪದ ಗೆರೆಗಳು

ಅಳತೆ ಮುಗಿಯಿತು, ಲೆಕ್ಕದ ಎಂಜಿನ್ ಓಡಿತು, ಶಕ್ತಿಯ ಗೆರೆ ಮೂಡಿತು. ಆಮೇಲೆ ಲೋಹದ ಎಂಜಿನ್ನನ್ನು ಡೈನಮೋಮೀಟರಿಗೆ ಕಟ್ಟಿ ಇನ್ನೊಂದು ಗೆರೆ ಪಡೆಯುತ್ತಾರೆ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುವುದು ಅಪರೂಪ. ಇಲ್ಲಿ ಒಂದು ಪ್ರಲೋಭನೆ ಎದುರಾಗುತ್ತದೆ. ಲೆಕ್ಕದಲ್ಲಿ ಘರ್ಷಣೆ, ಉರಿಯುವ ವೇಗ ಮುಂತಾಗಿ ನೇರವಾಗಿ ಅಳೆಯಲಾಗದ ಕೆಲವು ಅಂಕಿಗಳಿರುತ್ತವೆ. ಅವನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿದರೆ ಗೆರೆಗಳು ಅಚ್ಚುಕಟ್ಟಾಗಿ ಒಪ್ಪಿಬಿಡುತ್ತವೆ. ಆದರೆ ತಪ್ಪು ಇದ್ದದ್ದು ಬ್ಯೂರೆಟ್ಟಿನ ಓದಿನಲ್ಲಾದರೆ? ಘರ್ಷಣೆಯ ಅಂಕಿ ಅದನ್ನು ಮುಚ್ಚಿಹಾಕುತ್ತದೆ. ಆ ಮಾದರಿಯನ್ನು ನಂಬಿ ಕೊಳವೆಯ ಉದ್ದ ಬದಲಿಸಿದ ದಿನ ಅದು ಕೈಕೊಡುತ್ತದೆ.

ಊರಿನ ಎತ್ತರವೂ ಲೆಕ್ಕ ತಪ್ಪಿಸಬಲ್ಲದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಅದೇ ಕಿಂಡಿಯ ಮಿತಿ 74ರಿಂದ ಸುಮಾರು 67 ಗ್ರಾಂಗೆ ಇಳಿಯುತ್ತದೆ. ಇಲ್ಲಿ ಪರೀಕ್ಷಿಸಿದ ಎಂಜಿನ್ನನ್ನು ಚೆನ್ನೈ ಬಳಿಯ ರೇಸು ಪಥಕ್ಕೆ ಕೊಂಡೊಯ್ದರೆ ಅದಕ್ಕೆ ಸಿಗುವ ಗಾಳಿ ಹೆಚ್ಚು, ಕೊಡಬೇಕಾದ ಪೆಟ್ರೋಲೂ ಹೆಚ್ಚು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಲ್ಲಿ ‘ಅಶ್ವ ರೇಸಿಂಗ್’ ತಂಡ ಕಟ್ಟಿದಾಗ ಭಾರತದಲ್ಲಿ ಇಂಥ ಪಂದ್ಯವೇ ಇರಲಿಲ್ಲ. ‘ಸುಪ್ರ ಎಸ್‌ಎಇ ಇಂಡಿಯಾ’ ಶುರುವಾದದ್ದು 2011ರಲ್ಲಿ.

ಪಂದ್ಯದ ಒಟ್ಟು 1000 ಅಂಕಗಳಲ್ಲಿ ವಿನ್ಯಾಸ, ವೆಚ್ಚದ ಲೆಕ್ಕ, ವ್ಯಾಪಾರದ ಮಂಡನೆಗೇ 325 ಅಂಕಗಳಿವೆ. ಕಾರು ಒಂದು ಅಡಿಯೂ ಕದಲುವ ಮೊದಲು ಅನುಭವಿ ಎಂಜಿನಿಯರುಗಳು ತೀರ್ಪುಗಾರರಾಗಿ ಎದುರು ನಿಂತು ಕೇಳುತ್ತಾರೆ: ಕೊಳವೆಗೆ ಈ ಉದ್ದವೇ ಏಕೆ, ಈ ಅಂಕಿ ಎಲ್ಲಿಂದ ಬಂತು? ತಂತ್ರಾಂಶ ಹೇಳಿತು ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಆಮೇಲೆ 22 ಕಿಲೋಮೀಟರಿನ ದೀರ್ಘ ಓಟ. ಅದನ್ನು ಮುಗಿಸಲಾಗದೆ ನಡುವೆಯೇ ನಿಲ್ಲುವ ಕಾರುಗಳು ಪ್ರತಿ ಪಂದ್ಯದಲ್ಲೂ ಇರುತ್ತವೆ.

ಪೆಟ್ರೋಲಿನ ಕಾಲ ಸರಿಯುತ್ತಿದೆ. ವಿದ್ಯುತ್ ಕಾರುಗಳ ವಿಭಾಗ ಜರ್ಮನಿಯಲ್ಲಿ 2010ರಲ್ಲಿ, ಅಮೆರಿಕದಲ್ಲಿ 2013ರಲ್ಲಿ ಆರಂಭವಾಯಿತು. 2023ರಲ್ಲಿ ಸ್ವಿಟ್ಜರ್ಲೆಂಡಿನ ವಿದ್ಯಾರ್ಥಿಗಳು ಕಟ್ಟಿದ ವಿದ್ಯುತ್ ಕಾರೊಂದು 0.956 ಸೆಕೆಂಡಿನಲ್ಲಿ ಗಂಟೆಗೆ 100 ಕಿ.ಮೀ. ವೇಗ ಮುಟ್ಟಿ ವಿಶ್ವದಾಖಲೆ ಮಾಡಿತು. ಅದಕ್ಕೆ ಕಿಂಡಿಯೂ ಇಲ್ಲ, ಕೊಳವೆಯೂ ಇಲ್ಲ. ಆದರೆ ಅದರ ಮೋಟರನ್ನೂ ಬ್ಯಾಟರಿಯನ್ನೂ ಯಾರೋ ಕೂತು ಅಳೆಯಲೇಬೇಕಾಯಿತು.

ಇಂಥ ತಂಡಗಳಿಗೆ ಇನ್ನೊಂದು ಕಷ್ಟವಿದೆ. ನಾಲ್ಕು ವರ್ಷ ಕಳೆಯಿತೆಂದರೆ ಅಳತೆ ಕಲಿತವರು ಪದವಿ ಪಡೆದು ಹೊರಟುಹೋಗುತ್ತಾರೆ. ಅವರ ಜಾಗಕ್ಕೆ ಬಂದವರಿಗೆ ಉಳಿಯುವುದು ಒಂದು ಎಂಜಿನ್, ಒಂದು ಡಯಲ್ ಗೇಜ್, ಹಿರಿಯರು ಬರೆದಿಟ್ಟ ಪುಸ್ತಕ. ಅದರಲ್ಲಿ ಅಂಕಿಯ ಪಕ್ಕದಲ್ಲಿ ಯಾವ ದಿನ, ಯಾವ ಸಾಧನದಿಂದ, ಎಷ್ಟು ಬಾರಿ ಅಳೆದದ್ದು ಎಂದು ಬರೆದಿದ್ದರೆ ಹೊಸಬರು ಅಲ್ಲಿಂದ ಮುಂದಕ್ಕೆ ಹೆಜ್ಜೆ ಇಡುತ್ತಾರೆ. ಇಲ್ಲವಾದರೆ ಮತ್ತೆ ಎಂಜಿನ್ ಬಿಚ್ಚಿ, ಗಾಜಿಗೆ ಗ್ರೀಸು ಹಚ್ಚಿ, ಮೊದಲ ಹನಿಯಿಂದ ಶುರು ಮಾಡುತ್ತಾರೆ. ವಾಟ್‌ನ ಕಂಪನಿ ಬಚ್ಚಿಟ್ಟು ಲಾಭ ಮಾಡಿಕೊಂಡ ವಿದ್ಯೆ ವಿದ್ಯಾರ್ಥಿ ತಂಡಗಳಲ್ಲಿ ಉಳಿಯುವುದು ಬರೆದು ಹಂಚಿಕೊಂಡಾಗ ಮಾತ್ರ.